ಹಳೆಯ ಪೋರ್ಷೆ 911 ಕಾರಿನ ಸ್ಪೇರ್ ಟೈರ್ ಒಮ್ಮೆಯೂ ಓಡಿಲ್ಲ, ಹೊಸದರಂತೆಯೇ ಇದೆ. ಬಳಸಬಹುದಾ?

ದಯವಿಟ್ಟು ಬೇಡ. ಓಡದಿದ್ದರೂ ಟೈರಿಗೆ ವಯಸ್ಸಾಗುತ್ತದೆ. ಗಾಳಿಯಲ್ಲಿನ ಆಕ್ಸಿಜನ್, ಓಜೋನ್ ಸೇರಿ ರಬ್ಬರನ್ನು ಗಡಸು ಮಾಡುತ್ತವೆ.

1980ರ ದಶಕದ 911ರಲ್ಲಿ ಜಾಗ ಉಳಿಸಲು ಮಡಚಿದ ಸ್ಪೇರ್ ಇಡುತ್ತಿದ್ದರು. ಪಂಕ್ಚರ್ ಆದಾಗ 12 ವೋಲ್ಟ್ ಕಂಪ್ರೆಸರಿನಿಂದ ಗಾಳಿ ತುಂಬಬೇಕು. ಅಷ್ಟು ವರ್ಷ ಮುದುರಿಕೊಂಡೇ ಇದ್ದ ಬದಿಯ ರಬ್ಬರು ಮಡಿಕೆಯಲ್ಲೇ ಬಿರುಕು ಬಿಟ್ಟಿರಬಹುದು. ಗಾಳಿ ತುಂಬುವಾಗ ಪಕ್ಕದಲ್ಲಿ ಕೂತಿರೋದು ನೀವೇ ಅಲ್ವಾ? ಹೊಸದಿದ್ದಾಗಲೂ ಅದರ ವೇಗಮಿತಿ ಗಂಟೆಗೆ 80 ಕಿ.ಮೀ. ಮಾತ್ರ.

ಟೈರಿನ ಬದಿಯಲ್ಲಿರುವ ಡಾಟ್ (DOT) ಕೋಡ್ ನೋಡಿ, ಅದರ ಕೊನೆಯ ಅಂಕಿಗಳು ಟೈರ್ ತಯಾರಾದ ಕಾಲ ಹೇಳುತ್ತವೆ. ಕೊನೆಯಲ್ಲಿ 2319 ಇದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ಸುಮ್ನೆ ಬದಲಾಯಿಸಿ. ಉಳಿದ ನಾಲ್ಕು ಟೈರುಗಳದ್ದೂ ನೋಡಿ. ಹತ್ತು ವರ್ಷ ದಾಟಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆಸಿಬಿಡಿ.