ಹುಬ್ಬಳ್ಳಿ-ದಿಲ್ಲಿ ವಿಮಾನಕ್ಕ ಅಷ್ಟು ಟೈಮ್ ಯಾಕ?

ಸರ್, ಹುಬ್ಬಳ್ಳಿಯಿಂದ ದಿಲ್ಲಿಗೆ ನೆಟ್ಟಗ ಸುಮಾರು 1480 ಕಿ.ಮೀ., ವಿಮಾನ ತಾಸಿಗೆ 800 ಹೋಗತೈತಿ, ಮತ್ತ ಟಿಕೆಟ್‌ನ್ಯಾಗ ಎರಡೂವರಿ ತಾಸಿನ ಮ್ಯಾಲ ಯಾಕ ಅಂತ ಕೇಳೀರಿ. ನಿಮ್ಮ ಲೆಕ್ಕ ಬರೋಬ್ಬರಿ ಐತ್ರಿ, ಆದ್ರ ಟಿಕೆಟ್ ಮ್ಯಾಲಿಂದು ಬರೇ ಹಾರೋ ಟೈಮ್ ಅಲ್ಲ, ಇಲ್ಲಿ ಗೋಕುಲ ರೋಡಿನ ಏರ್‌ಪೋರ್ಟ್‌ನ್ಯಾಗ ವಿಮಾನ ನಿಂತ ಜಾಗಾ ಬಿಟ್ಟಾಗಿಂದ ಹಿಡದು ಅಲ್ಲಿ ಹೋಗಿ ನಿಂದರೋ ತನಕ ಎಲ್ಲಾ ಸೇರಿಸಿ ಹಾಕಿರತಾರ. ಆ 800ರ ಸ್ಪೀಡ್ ಮ್ಯಾಲ ಹೋದಮ್ಯಾಗ ಅಷ್ಟ, ಏರೂಮುಂದ ಇಳಿಯೂಮುಂದ ಭಾಳ ಕಡಿಮಿ, ಮತ್ತ ದಾರಿನೂ ಮ್ಯಾಪಿನ ಗೆರಿ ಹಂಗ ಸೀದಾ ಇರಂಗಿಲ್ಲ. ದಿಲ್ಲಿಯೊಳಗ ನಾಕು ರನ್‌ವೇ ಇದ್ರೂ ಗದ್ದಲ ಏನ್ ಕೇಳ್ತೀರಿ, ಒಮ್ಮೊಮ್ಮೆ ಮ್ಯಾಲ ಸುತ್ತು ಹೊಡಸ್ತಾರ, ಇಳದಮ್ಯಾಗೂ ಟ್ಯಾಕ್ಸಿವೇ (ರನ್‌ವೇಯಿಂದ ವಿಮಾನ ನಿಂದರೋ ಜಾಗಾಕ್ಕ ಹೋಗೋ ದಾರಿ) ಮ್ಯಾಲ ಹೊಂಟಿದ್ದ ಹೊಂಟಿದ್ದ.

ಬೆಂಗಳೂರಿಗೂ ಇದ ಕತಿ, ನೆಟ್ಟಗ 370 ಕಿ.ಮೀ. ಚಿಲ್ಲರ, ಟೈಮ್ ಮಾತ್ರ ತಾಸಿನ ಹತ್ರಹತ್ರ. ರೆಕ್ಕಿಗೆ ಪಂಖಾ ಇರೋ ಸಣ್ಣ ಎಟಿಆರ್ ವಿಮಾನ ಆದ್ರ ಇನ್ನೂ ಸ್ವಲ್ಪ ಜಾಸ್ತಿ. ಅಲ್ಲಿ ದೇವನಹಳ್ಳಿಯಿಂದ ಮೆಜೆಸ್ಟಿಕ್ ಮುಟ್ಟೂದು ಬ್ಯಾರೆ!

ಡಿಸೆಂಬರ್-ಜನವರಿಯೊಳಗ ಹೊಂಟಿದ್ರ ದಿಲ್ಲಿ ಮಂಜಿಗೆ ಲೇಟ್ ಆಗೂದು ಮಾಮೂಲ್ರಿ, ಮುಂದಿನ ಟ್ರೇನ್ ಏನಾರ ಬುಕ್ ಮಾಡೂದಿದ್ರ ನಾಕು ತಾಸರ ಗ್ಯಾಪ್ ಇಟ್ಕೋರಿ.