ಸಂಪಾದಕರ ಉತ್ತರ: 257ರಿಂದ ಆಚೆಗಿನವರು

ಈ ತಿಂಗಳ ಅಂಚೆಯಲ್ಲಿ ಬಂದ ಒಂದು ಪತ್ರವನ್ನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದೆ. ಬರೆದವರು ತೀರ್ಥಹಳ್ಳಿ ಕಡೆ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಮೇಡಂ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದ ಇದೆ, ಮುಖ್ಯವಾದದ್ದಷ್ಟೇ ಇಲ್ಲಿದೆ:

"ಆರು ತಿಂಗಳಿಂದ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಮಕ್ಕಳ ಇಂಟರ್ನಲ್ಸ್ ಅಂಕದ ಲೆಕ್ಕವನ್ನು ನಾನೇ ಬರೆದ ಪ್ರೋಗ್ರಾಂ ಮಾಡಬೇಕು ಅಂತ ಆಸೆ. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಗೆಳತಿ 40,000 ಕೊಟ್ಟು ಮೆಂಟರ್ ಇರುವ ಕೋರ್ಸ್ ಸೇರು ಅನ್ನುತ್ತಾಳೆ. ಮಗ, 'ಎಐ ಕೇಳಮ್ಮ, ಸುಮ್ನೆ ದುಡ್ಡು ಯಾಕೆ' ಅನ್ನುತ್ತಾನೆ. ನಮ್ಮಂಥ ಊರಲ್ಲಿ ಗುರು ಎಲ್ಲಿ ಸಿಗುತ್ತಾರೆ? ನಮ್ಮದೇ ಕಾಲೇಜಿನ ಬಿಸಿಎ ಮಕ್ಕಳನ್ನು ಕೇಳೋಣ ಅಂದರೆ, ಪಾಠ ಮಾಡುವವಳೇ ಹೋಗಿ ಕೇಳುವುದು ಹೇಗೆ? ಜೊತೆಗೊಂದು ದೂರು. ಕಳೆದ ವರ್ಷ ನಿಮ್ಮ ಎರಡು ಸಂಚಿಕೆ ನನಗೆ ಬರಲೇ ಇಲ್ಲ. ಚಂದಾ ಸಂಖ್ಯೆ 312."

ದೂರಿಗೆ ಆಮೇಲೆ ಬರುತ್ತೇನೆ ಮೇಡಂ. ಮರೆತಿಲ್ಲ.

ಮೊದಲು ನಿಮ್ಮ ಮಗನ ಪರವಾಗಿ ಎರಡು ಮಾತು. ವಿಡಿಯೊ, ಎಐ ಎಲ್ಲ ಒಳ್ಳೆಯವೇ. ರಾತ್ರಿ ಎರಡು ಗಂಟೆಗೆ ಕೇಳಿದರೂ ಆಕಳಿಸದೆ ಉತ್ತರ ಕೊಡುತ್ತವೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಮುಖ ಗಂಟಿಕ್ಕುವುದಿಲ್ಲ. ನಾನೂ ಬಳಸುತ್ತೇನೆ. ಆಯ್ತಲ್ಲ, ಈಗ ನನ್ನ ಕತೆ ಕೇಳಿ.

ಐವತ್ತು ದಾಟಿದ ಮೇಲೆ ನನಗೂ ಪೈಥಾನ್ ಹುಚ್ಚು ಹಿಡಿಯಿತು. ನಮ್ಮ ಪತ್ರಿಕೆಯ ಚಂದಾದಾರರು ಆರುನೂರರ ಆಸುಪಾಸು. ಯಾರು ದುಡ್ಡು ಕಟ್ಟಿದ್ದಾರೆ ನೋಡಿ ಅವರಿಗೆ ವಿಳಾಸದ ಲೇಬಲ್ ತೆಗೆಯುವ ಕೆಲಸವನ್ನು ನನ್ನ ಪ್ರೋಗ್ರಾಂಗೆ ಒಪ್ಪಿಸಿದೆ. ಮೊದಲ ಇಪ್ಪತ್ತು ಹೆಸರು ಹಾಕಿ ನೋಡಿದೆ, ಸರಿಯಾಗಿ ಬಂತು. ಎದೆ ಉಬ್ಬಿತು. ಎರಡು ತಿಂಗಳಾದ ಮೇಲೆ ಫೋನುಗಳು ಶುರುವಾದವು. "ಪತ್ರಿಕೆ ನಿಲ್ಲಿಸಿಬಿಟ್ರಾ?" ಅಂತ ಒಬ್ಬರು ಕೇಳಿದರು. ದನಿಯಲ್ಲಿ ದುಃಖ ಇತ್ತೋ ಸಮಾಧಾನ ಇತ್ತೋ ಗೊತ್ತಾಗಲಿಲ್ಲ.

ಎಐ ಕೇಳಿದೆ. ಕೆಲವು ಚಂದಾದಾರರ ಲೇಬಲ್ ಬರುತ್ತಿಲ್ಲ, ಯಾಕೆ? ಏಳು ಕಾರಣ ಕೊಟ್ಟಿತು. ಹೆಸರಿನ ಹಿಂದೆ ಖಾಲಿ ಜಾಗ ಇರಬಹುದು, ಫೈಲ್ ಅರ್ಧ ಓದಿರಬಹುದು, ಹೀಗೆ. ಏಳೂ ಸರಿಯಾದ ಕಾರಣಗಳೇ. ನನ್ನದು ಅವುಗಳಲ್ಲಿ ಇರಲಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರ ಮಗ ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದ. ಅಪ್ಪನಿಗೆ ಊಟದ ಡಬ್ಬಿ ತಂದವನು ನನ್ನ ಹಿಂದೆ ನಿಂತು ಪರದೆ ನೋಡಿದ. "ಸಾರ್, ಲೇಬಲ್ ಬಂದಿರೋ ಕೊನೇ ನಂಬರ್ ಯಾವ್ದು?" ಅಂದ. ಎರಡು ದಿನದಿಂದ ತಲೆ ಚಚ್ಚಿಕೊಳ್ಳುತ್ತಿದ್ದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನೋಡಿದೆ. 256. ಹುಡುಗ ನಕ್ಕ. "ನಂಬರ್ ಹೋಲಿಸೋ ಸಾಲು ತೋರ್ಸಿ ಸಾರ್."

ಅಲ್ಲಿ ನಾನು 'ಈಸ್' ಅಂತ ಬರೆದಿದ್ದೆ. ಎರಡು ಬರೋಬರಿ ಚಿಹ್ನೆ ಹಾಕಬೇಕಿದ್ದ ಜಾಗ ಅದು. ಯಾವುದೋ ವಿಡಿಯೊದಲ್ಲಿ 'ಈಸ್ ನನ್' (ಏನೂ ಇಲ್ಲವಾ ಅಂತ ಕೇಳುವುದು) ಅಂತ ಬರೆದಿದ್ದು ನೋಡಿದ್ದೆ, ಓದಲು ಚೆನ್ನಾಗಿದೆ ಅನ್ನಿಸಿ ಎಲ್ಲ ಕಡೆ ಅದನ್ನೇ ಹಾಕಿದ್ದೆ. ಹುಡುಗ ಜೇಬಿನಿಂದ ಹತ್ತರ ನೋಟು ತೆಗೆದ. ನನ್ನ ಹತ್ತಿರವೂ ಒಂದು ಕೇಳಿದ. "ಎರಡೂ ಹತ್ತು ರೂಪಾಯೇ ಅಲ್ವಾ ಸಾರ್? ಆದ್ರೆ ಎರಡೂ ಒಂದೇ ನೋಟಲ್ಲ. ಬೆಲೆ ಒಂದೇನಾ ಅಂತ ಕೇಳ್ಬೇಕಿತ್ತು. ನೀವು ಇದೇ ನೋಟಾ ಅಂತ ಕೇಳಿದೀರಿ." ಮತ್ತೆ 256ರವರೆಗೆ ಹೇಗೆ ಸರಿ ಬಂತು? ನಾವೆಲ್ಲ ಬಳಸುವ ಪೈಥಾನ್, ಅಂದರೆ ಸಿಪೈಥಾನ್, ಮೈನಸ್ 5ರಿಂದ 256ರವರೆಗಿನ ಸಂಖ್ಯೆಗಳನ್ನು ಮೊದಲೇ ಮಾಡಿ ಇಟ್ಟುಕೊಂಡಿರುತ್ತದೆ. ಎಷ್ಟು ಸಲ ಕೇಳಿದರೂ ಆ ಒಂದೇ ನೋಟು ಕೊಡುತ್ತದೆ. ಆಚೆಗೆ ಹೋದರೆ ಹೊಸ ಹೊಸ ನೋಟು. ನನ್ನ ಪ್ರೋಗ್ರಾಂನ ಲೆಕ್ಕದಲ್ಲಿ 257ರಿಂದ ಆಚೆಗಿನ ಒಬ್ಬರೂ ದುಡ್ಡು ಕಟ್ಟಿರಲಿಲ್ಲ.

ಆ ಸಾಲನ್ನು ಆಮೇಲೆ ಎಐ ಮುಂದೆ ಇಟ್ಟೆ. ಒಂದೇ ಉಸಿರಿಗೆ ತಪ್ಪು ಹೇಳಿತು, ಸುಳ್ಳು ಹೇಳಬಾರದು. ಆದರೆ ಇಡಬೇಕಾದ ಸಾಲು ಯಾವುದು ಅಂತ ಗೊತ್ತಿದ್ದರೆ ನಾನು ಎರಡು ದಿನ ಯಾಕೆ ಒದ್ದಾಡುತ್ತಿದ್ದೆ?

ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಸ್ಟೂಲ್ ಎಳೆದುಕೊಂಡು ಮೇಲಿನಿಂದ ಓದುತ್ತಾ ಬಂದ. "ಸಾರ್, ನೀವು ಪೈಥಾನಲ್ಲಿ ಸಿ ಬರೀತಿದೀರಿ" ಅಂದ. ಸಿ ಅಂದರೆ ನಾನು ಕಾಲೇಜಿನಲ್ಲಿ ಕಲಿತ ಹಳೆಯ ಪ್ರೋಗ್ರಾಮಿಂಗ್ ಭಾಷೆ. ನಿಜ. ಒಂದು ಲೂಪಿನೊಳಗೆ (ಮತ್ತೆ ಮತ್ತೆ ಓಡುವ ಸಾಲುಗಳು) ಇನ್ನೊಂದು ಲೂಪು, ಎರಡಕ್ಕೂ ಐ, ಜೆ ಅಂತ ಎಣಿಕೆ. ಕಟ್ಟಿದವರ ನಂಬರುಗಳನ್ನೆಲ್ಲ ಒಂದು ಸೆಟ್‌ಗೆ, ಅಂದರೆ ಒಂದು ಗುಂಪಿಗೆ ಹಾಕಿ, ಇದು ಅದರಲ್ಲಿ ಇದೆಯಾ ಅಂತ ಕೇಳಿದರೆ ಮುಗಿಯಿತು ಅಂತ ತೋರಿಸಿದ. 38 ಸಾಲು ಇದ್ದದ್ದು 9 ಆಯಿತು. ವಿಡಿಯೊಗೆ ಇದು ಆಗದ ಕೆಲಸ ಮೇಡಂ. ಅದು ತನ್ನ ಕೋಡ್ ತೋರಿಸುತ್ತದೆ, ನಿಮ್ಮದನ್ನು ಓದುವುದಿಲ್ಲ. ನೀವು ಹುಡುಕಬೇಕಾದ್ದು ನೀವು ಬರೆದದ್ದನ್ನು ಕೂತು ಓದುವ ಒಬ್ಬರನ್ನು. ಗುರು ಅಂದರೆ ಬಿಳಿ ಗಡ್ಡವೇ ಬೇಕು ಅಂತೇನಿಲ್ಲ.

ನಾನು ಕನ್ನಡ ಬರೆಯಲು ಕಲಿತಿದ್ದೂ ಹಾಗೆಯೇ. ಕೆಲಸಕ್ಕೆ ಸೇರಿದಾಗ ಕರಡು ತಿದ್ದುವ ಹಿರಿಯರೊಬ್ಬರು ಇದ್ದರು. ವ್ಯಾಕರಣದ ಒಂದು ಸೂತ್ರವನ್ನೂ ಅವರು ನನಗೆ ಹೇಳಲಿಲ್ಲ. ಪದದ ಸುತ್ತ ಕೆಂಪು ಸೊನ್ನೆ ಹಾಕಿ ಹಾಳೆ ವಾಪಸ್ ಕೊಡುತ್ತಿದ್ದರು. ಏನು ತಪ್ಪು ಅಂತ ನಾವೇ ಹುಡುಕಬೇಕು. ಕಂಪ್ಯೂಟರಿನವರೂ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಐಬಿಎಂನ ಮೈಕಲ್ ಫೇಗನ್ 1976ರಲ್ಲೇ ಒಂದು ಲೇಖನ ಬರೆದರು. ಪ್ರೋಗ್ರಾಂ ಓಡಿಸಿ ನೋಡುವ ಮೊದಲು ನಾಲ್ಕು ಜನ ಕೂತು ಅದನ್ನು ಸಾಲು ಸಾಲಾಗಿ ಓದಿದರೆ ತಪ್ಪುಗಳು ಬೇಗ ಸಿಗುತ್ತವೆ ಅನ್ನುವುದು ಅದರ ತಿರುಳು. ಕರಡು ತಿದ್ದುವುದೇ ಅಲ್ವಾ ಅದು?

ನಮ್ಮಲ್ಲಿ ಕಲಿಸುವವರಿಗೆ ಬರ ಇಲ್ಲ. ಓದುವವರಿಗೆ ಬರ. ನಾನು ಓದಿದ ಕಾಲೇಜಿನ ಲ್ಯಾಬ್ ನೆನಪಾಗುತ್ತದೆ. ಟರ್ಬೊ ಸಿ, ನೀಲಿ ಪರದೆ. ವಾಯ್ಡ್ ಮೇನ್, ಕ್ಲಿಯರ್ ಸ್ಕ್ರೀನ್, ಕೊನೆಗೆ ಗೆಟ್‌ಸಿಎಚ್. ಮಂತ್ರದ ಹಾಗೆ ಬಾಯಿಪಾಠ. ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್ ಎರಡನ್ನೂ ಒದಗಿಸುವ ಕೊನಿಯೊ ಅನ್ನುವ ಹೆಡರ್ ಫೈಲು ಸಿ ಭಾಷೆಯ ಸ್ಟ್ಯಾಂಡರ್ಡಿನಲ್ಲೇ ಇಲ್ಲ, ಮೇನ್ ವಾಯ್ಡ್ ಅಲ್ಲ, ಇಂಟ್ (ಒಂದು ಪೂರ್ಣಾಂಕ) ಕೊಡಬೇಕು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ರೆಕಾರ್ಡ್ ಪುಸ್ತಕದ ಪುಟ ಪುಟಕ್ಕೂ ಸಹಿ ಬೀಳುತ್ತಿತ್ತು. ಒಮ್ಮೆ ಬಬಲ್ ಸಾರ್ಟ್ ಬರೆಯಬೇಕಾದ ಪುಟದಲ್ಲಿ ಹಾಸ್ಟೆಲ್ ಮೆಸ್ಸಿನ ಬಾಕಿ ಲೆಕ್ಕ ಬರೆದಿಟ್ಟಿದ್ದೆ. 'ಗುಡ್' ಅಂತ ಬಂತು. ಆಗ ಇಡೀ ರೂಮು ಬಿದ್ದು ಬಿದ್ದು ನಕ್ಕಿತ್ತು. ಈಗ ನಗು ಬರುವುದಿಲ್ಲ. ಮೂರು ವರ್ಷ ಬರೆದದ್ದನ್ನು ಒಬ್ಬರೂ ಓದಲಿಲ್ಲವಲ್ಲ! ಪತ್ರಿಕೆಗಳಾದರೂ ಏನು ಮಹಾ? ಎಷ್ಟೋ ಕಡೆ ಕರಡು ತಿದ್ದುವವರ ಕುರ್ಚಿಯನ್ನೇ ಎತ್ತಿಟ್ಟಿದ್ದಾರೆ. ನಮ್ಮ ಕಚೇರಿಗೆ ಬರುವ ಕವಿಗಳಲ್ಲಿ ಇನ್ನೊಬ್ಬರ ಕವನ ಪೂರ್ತಿ ಓದಿದವರನ್ನು ಹುಡುಕಲು ನಾನೀಗ ಹೋಗುವುದಿಲ್ಲ.

40,000ದ ಕೋರ್ಸಿನವರಿಗೆ ಒಂದೇ ಪ್ರಶ್ನೆ ಹಾಕಿ: "ನಾನು ಬರೆದದ್ದನ್ನು ಯಾರು ಓದುತ್ತಾರೆ, ವಾರಕ್ಕೆ ಎಷ್ಟು ಹೊತ್ತು?" ನೇರ ಉತ್ತರ ಬಂದರೆ ಸೇರಿ. "ನಮ್ಮಲ್ಲಿ ಲೈವ್ ಕ್ಲಾಸ್ ಇದೆ ಮೇಡಂ" ಅಂತ ಶುರುವಾದರೆ ಫೋನ್ ಇಡಿ.

ದುಡ್ಡಿಲ್ಲದೆ ಓದುವವರೂ ಇದ್ದಾರೆ. ಕತ್ರಿನಾ ಓವೆನ್ 2013ರಲ್ಲಿ ಶುರುಮಾಡಿದ ಎಕ್ಸರ್ಸಿಸಂ ಅನ್ನುವ ಜಾಲತಾಣದಲ್ಲಿ ಎಪ್ಪತ್ತಕ್ಕೂ ಹೆಚ್ಚು ಪ್ರೋಗ್ರಾಮಿಂಗ್ ಭಾಷೆಗಳ ಅಭ್ಯಾಸ ಇದೆ. ನೀವು ಬಿಡಿಸಿದ ಲೆಕ್ಕವನ್ನು ಯಾರೋ ಸ್ವಂತ ಇಷ್ಟದಿಂದ ಓದಿ, ಇಲ್ಲಿ ಹೀಗೆ ಮಾಡಬಹುದಿತ್ತಲ್ಲ ಅಂತ ಬರೆಯುತ್ತಾರೆ. ಪಶ್ಚಿಮ ಬಂಗಾಳದ ದುರ್ಗಾಪುರದಲ್ಲಿ ಲಿನಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಳಸುವವರ ಬಳಗ 2008ರಲ್ಲಿ ಬೇಸಿಗೆ ತರಬೇತಿ ಶುರುಮಾಡಿತು. ಪಾಠವೆಲ್ಲ ಚಾಟ್‌ನಲ್ಲಿ, ಟೈಪ್ ಮಾಡಿಯೇ. ಪ್ರಶ್ನೆ ಇದ್ದವರು ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ ತಮ್ಮ ಸರದಿಗೆ ಕಾಯಬೇಕು. ದುರ್ಗಾಪುರವೇನು ಬೆಂಗಳೂರಲ್ಲ ನೋಡಿ. ಬೆಂಗಳೂರಲ್ಲಂತೂ ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಬಳಗ ಇದೆ. ದೇಶದ ಮೊದಲ ಪೈಕಾನ್, ಅಂದರೆ ಪೈಥಾನ್ ಸಮ್ಮೇಳನ, 2009ರಲ್ಲಿ ನಡೆದದ್ದು ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ.

ಆದರೆ ನೀವು ಅಷ್ಟು ದೂರ ಯಾಕೆ ಹೋಗಬೇಕು? ಇಲ್ಲಿ ನಿಮ್ಮನ್ನು ಸ್ವಲ್ಪ ಬೈಯಲೇಬೇಕು. ಊರಲ್ಲಿ ಯಾರೂ ಇಲ್ಲ ಅಂದವರೇ, ಮುಂದಿನ ಸಾಲಿನಲ್ಲಿ ಬಿಸಿಎ ಮಕ್ಕಳು ಇದ್ದಾರೆ ಅಂದಿರಿ. ಅಂದರೆ ಜನ ಇದ್ದಾರೆ, ಅಡ್ಡ ಬಂದಿರುವುದು ನಾಚಿಕೆ. ನನಗೂ ಆ ಸ್ಟೂಲ್ ಪಕ್ಕ ಕೂತಾಗ ಕಿವಿ ಬಿಸಿಯಾಗಿತ್ತು. ಅಂಕದ ಲೆಕ್ಕದ ಪ್ರೋಗ್ರಾಂ ಎಷ್ಟಾಗಿದೆಯೋ ಅಷ್ಟನ್ನೇ ಪ್ರಿಂಟ್ ತೆಗೆಯಿರಿ. ಮಕ್ಕಳ ಹೆಸರು ಮಾತ್ರ ಅಳಿಸಿಬಿಡಿ. ಕೊನೇ ವರ್ಷದ ಒಬ್ಬ ಹುಡುಗಿಯ ಕೈಗೆ ಪೆನ್ನು ಕೊಡಿ. "ಇದು ಹೀಗೆ ಬರಬೇಕಿತ್ತು, ಹೀಗೆ ಬರುತ್ತಿದೆ, ನಾನು ಇಷ್ಟು ಮಾಡಿ ನೋಡಿದೆ" ಅಂತ ಮೂರು ಮಾತು ಹೇಳಿ. ಆಮೇಲೆ ಅವಳು ಓದಿ ಮುಗಿಸುವವರೆಗೆ ಬಾಯಿ ಬಿಡಬೇಡಿ. ಅದೇ ಕಷ್ಟ, ಮೇಷ್ಟ್ರುಗಳಿಗೆ ಇನ್ನೂ ಜಾಸ್ತಿ ಕಷ್ಟ.

ಬೈಂಡಿಂಗ್‌ನವರ ಮಗ ಈಚೆಗೆ ತನ್ನೂರಿನ ಜಾತ್ರೆಯ ಬಗ್ಗೆ ಒಂದು ಲೇಖನ ಬರೆದು ತಂದಿದ್ದ. ನಾನು ಓದಿ ಕೆಂಪು ಸೊನ್ನೆ ಹಾಕಿ ಕೊಟ್ಟೆ. ಮತ್ತೆ ಬರೆದ, ಮತ್ತೆ ಹಾಕಿದೆ. ಮೂರನೇ ಸಲದ್ದು ಈಗ ನನ್ನ ಮೇಜಿನ ಮೇಲಿದೆ.

ಇನ್ನು ನಿಮ್ಮ ದೂರು. ಚಂದಾ ಸಂಖ್ಯೆ 312 ಅಂದಿರಿ. ಅಂಚೆಯವರದೇನೂ ತಪ್ಪಿಲ್ಲ ಮೇಡಂ. ಆ ಎರಡೂ ಸಂಚಿಕೆಗಳನ್ನು ಇವತ್ತು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ. ವಿಳಾಸ ನಾನೇ ಕೈಯಲ್ಲಿ ಬರೆದಿದ್ದೇನೆ.

– ಸಂಪಾದಕ