ಗೇಮ್‌ನಲ್ಲಿ ಸತ್ತವರು ಎದ್ದು ಬರ್ತಾರಲ್ಲ, ಅದನ್ನಾಡಿ ಸಾವಿನ ಬಗ್ಗೆ ಯೋಚಿಸೋಕಾಗುತ್ತಾ?

ನಿಮ್ಮ ಅನುಮಾನ ನ್ಯಾಯವಾಗಿದೆ. ನಮ್ಮ ತುಮಕೂರಿನಲ್ಲಿ ಸಂಜೆ ಟೀ ಅಂಗಡಿ ಮುಂದೆ ಬೈಕ್ ಮೇಲೆ ಕೂತು ಮೊಬೈಲಲ್ಲಿ ಬಿಜಿಎಂಐ ಅನ್ನೋ ಗುಂಡು ಹಾರಿಸೋ ಗೇಮ್ ಆಡೋ ಹುಡುಗರನ್ನು ನೋಡಿ. ‘ಲೋ ಸತ್ತೆ ಮಗಾ’ ಅಂತಾರೆ, ಟೀ ಆರುವಷ್ಟರಲ್ಲಿ ಮುಂದಿನ ಮ್ಯಾಚ್ ಶುರು. ಅಲ್ಲಿ ಸಾವಿಗೆ ಯಾವ ಬೆಲೆಯೂ ಇಲ್ಲ.

ಎದ್ದು ಬರೋ ದಾರಿಯನ್ನೇ ಮುಚ್ಚಿಬಿಡುವ ಗೇಮ್‌ಗಳೂ ಇವೆ. ಜೇಸನ್ ರೋರರ್ 2007ರಲ್ಲಿ ಮಾಡಿದ ‘ಪ್ಯಾಸೇಜ್’ ಐದೇ ನಿಮಿಷದ ಆಟ. ನಡೀತಾ ನಡೀತಾ ನೀವು ಆಡಿಸೋ ಗಂಡು ಗೊಂಬೆಗೆ ವಯಸ್ಸಾಗುತ್ತದೆ. ಶುರುವಲ್ಲೇ ಒಬ್ಬಳು ಸಿಗುತ್ತಾಳೆ. ಕೈ ಹಿಡಿದರೆ ಕೆಲವು ಸಂದುಗಳಲ್ಲಿ ಇಬ್ಬರೂ ಹಿಡಿಸಲ್ಲ, ಅಲ್ಲಿರೋ ನಿಧಿ ಪೆಟ್ಟಿಗೆಗಳ ಆಸೆ ಬಿಡಬೇಕು. ಕೊನೆಕೊನೆಗೆ ಅವಳು ಮೊದಲು ಹೋಗುತ್ತಾಳೆ. ಆಮೇಲೆ ನೀವು ಕೀಲಿ ಎಷ್ಟು ಒತ್ತಿದರೂ ಅವನ ಹೆಜ್ಜೆ ನಿಧಾನ. ಎಷ್ಟೇ ಚೆನ್ನಾಗಿ ಆಡಿ, ಐದು ನಿಮಿಷಕ್ಕೆ ಅವನೂ ಹೋಗಲೇಬೇಕು.

2008ರ ‘ದಿ ಗ್ರೇವ್‌ಯಾರ್ಡ್’ ಇನ್ನೂ ವಿಚಿತ್ರ. ಮುದುಕಿಯೊಬ್ಬಳು ಸ್ಮಶಾನಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಾಳೆ, ಅಷ್ಟೇ. ಪುಕ್ಕಟೆ ಸಿಗುವುದರಲ್ಲಿ ಅವಳು ಸಾಯಲ್ಲ. ದುಡ್ಡು ಕೊಟ್ಟು ತಗೊಂಡರೆ ಮಾತ್ರ ಸಾಯಬಹುದು! ಸಾವಿಗೂ ಬಿಲ್ ಹಾಕಿದ್ದಾರಲ್ಲ ಅಂತ ನಗು ಬಂದಿತ್ತು.

ನನ್ನನ್ನು ನಿಜವಾಗಿ ಹಿಡಿದದ್ದು 2020ರಲ್ಲಿ ಬಂದ ‘ಸ್ಪಿರಿಟ್‌ಫೇರರ್’. ಸ್ಟೆಲ್ಲಾ ಅನ್ನೋ ಹುಡುಗಿ ಸತ್ತವರ ಆತ್ಮಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಕೊನೆಯ ಬಾಗಿಲಿನ ತನಕ ಬಿಟ್ಟು ಬರಬೇಕು. ಅಲ್ಲಿವರೆಗೆ ಅವರಿಗೆ ಮನೆ ಕಟ್ಟಬೇಕು, ಅಡುಗೆ ಮಾಡಬೇಕು, ಬೇಜಾರಾದಾಗ ತಬ್ಬಿಕೊಳ್ಳಬೇಕು. ತಿನ್ನೋಕೆ ಕೊಟ್ಟಿದ್ದನ್ನೇ ಮತ್ತೆ ಕೊಟ್ಟರೆ ಬೇಡ ಅಂತಾರೆ. ಒಬ್ಬೊಬ್ಬರಿಗೂ ಒಂದೊಂದು ಇಷ್ಟ, ಅದನ್ನು ನಾವೇ ಕಂಡುಹಿಡಿಯಬೇಕು.

ಅದರಲ್ಲಿ ಆಲಿಸ್ ಅಂತ ಮುಳ್ಳುಹಂದಿ ರೂಪದ ಅಜ್ಜಿ ಇದ್ದಾಳೆ. ಬರಬರುತ್ತಾ ಅವಳಿಗೆ ನೆನಪು ಕೈಕೊಡುತ್ತದೆ, ಒಬ್ಬಳೇ ನಡೆಯೋಕೂ ಆಗಲ್ಲ. ದೋಣಿಯ ಮುಂಭಾಗಕ್ಕೆ ನೀವೇ ನಡೆಸಿಕೊಂಡು ಹೋಗಬೇಕು. ಎಷ್ಟೋ ಕೆಲಸ ಬಾಕಿ ಇರುತ್ತೆ, ಇವಳು ಹೆಜ್ಜೆ ಮೇಲೆ ಹೆಜ್ಜೆ ಇಡ್ತಾಳೆ. ನನಗೆ ಸಿಟ್ಟು ಬರುತ್ತಿತ್ತು. ನೆನಪು ಹೋದ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಆ ಸಿಟ್ಟಿನ ಪರಿಚಯ ಇರುತ್ತೆ, ಅಲ್ವಾ? ಸಿನಿಮಾದಲ್ಲಾದರೆ ಸುಮ್ನೆ ಕೂತು ಅತ್ತು ಬರಬಹುದು. ಇಲ್ಲಿ ಕೈ ಹಿಡಿದು ನಡೆಸೋದು ನಮ್ಮ ಪಾಲಿಗೆ ಬರುತ್ತದೆ.

ಆ ಆತ್ಮಗಳು ಕೊನೆಯ ಬಾಗಿಲು ದಾಟಿ ಹೋದ ಮೇಲೂ ಅವರ ಮನೆ ದೋಣಿ ಮೇಲೇ ಇರುತ್ತದೆ, ಒಳಗೊಂದು ಹೂವು ಬಿಟ್ಟು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ‘ಅಜ್ಜನಿಗೆ ಚಕ್ಕುಲಿ ಇಷ್ಟ, ಮರೀಬೇಡಿ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆ ಗೇಮ್ ಆಡಿದ ಮೇಲೆ ನಮ್ಮಮ್ಮನಿಗೆ ನಿಜವಾಗಿ ಏನು ಇಷ್ಟ ಅಂತ ಕೇಳಿದೆ. ‘ಯಾರಾದ್ರೂ ಮಾಡಿಕೊಟ್ಟಿದ್ದು’ ಅಂದರು.

ಎಲ್ಲಿಂದ ಶುರು ಮಾಡಲಿ ಅಂದರೆ ‘ಪ್ಯಾಸೇಜ್’ ಆಡಿ, ಪುಕ್ಕಟೆ. ಕ್ಯಾನ್ಸರ್‌ನಿಂದ ತೀರಿಕೊಂಡ ಪುಟ್ಟ ಮಗನ ಬಗ್ಗೆ ಅಪ್ಪ ಅಮ್ಮನೇ ಸೇರಿ ಮಾಡಿದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಅಂತ 2016ರದ್ದು ಇನ್ನೊಂದಿದೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ.